ಹಿಮನದಿಯ ನೀರು, ಕಲ್ಲಿನ ಗೋಡೆ, ದ್ರಾಕ್ಷಿ ಬಳ್ಳಿ



ಸ್ವಿಟ್ಜರ್ಲೆಂಡ್ ಎಂದೊಡನೆ ಕಣ್ಣ ಮುಂದೆ ಬರುವುದು ಹಿಮಶಿಖರ, ಹಸಿರು ಹುಲ್ಲುಗಾವಲು, ಕೊರಳಿಗೆ ಗಂಟೆ ಕಟ್ಟಿದ ಹಸು, ಗಡಿಯಾರ ಮತ್ತು ಚಾಕೊಲೇಟು. ಹಿಂದಿ ಸಿನಿಮಾದ ಹಾಡುಗಳು ಈ ಚಿತ್ರವನ್ನು ಇನ್ನಷ್ಟು ಗಟ್ಟಿ ಮಾಡಿವೆ. ಅಂಥ ಚಳಿಯ ನಾಡಿನಲ್ಲಿ ದ್ರಾಕ್ಷಿ ಬೆಳೆಯುತ್ತಾರೆ, ವೈನ್ ಮಾಡುತ್ತಾರೆ ಎಂದರೆ ಆಶ್ಚರ್ಯಪಡುವವರೇ ಹೆಚ್ಚು. ಅದಕ್ಕೆ ಕಾರಣವೂ ಉಂಟು. ಆ ದೇಶದ ವೈನಿನಲ್ಲಿ ಹೊರದೇಶಕ್ಕೆ ಹೋಗುವುದು ನೂರಕ್ಕೆ ಒಂದೋ ಎರಡೋ ಪಾಲು ಮಾತ್ರ. ಉಳಿದದ್ದೆಲ್ಲ ಅಲ್ಲಿಯೇ ಖರ್ಚಾಗುತ್ತದೆ. ಹೀಗಾಗಿ ಫ್ರಾನ್ಸ್, ಇಟಲಿಯ ವೈನಿಗೆ ಇರುವ ಹೆಸರು ಅದಕ್ಕೆ ಬಂದಿಲ್ಲ.

ಇವತ್ತಿನ ಮಾತು ಆ ದೇಶದ ನೈಋತ್ಯ ಮೂಲೆಯಲ್ಲಿರುವ ಒಂದು ಪ್ರಾಂತ್ಯವನ್ನು ಕುರಿತದ್ದು. ಫ್ರೆಂಚ್ ಮಾತನಾಡುವವರು ಅದನ್ನು ವಲೇ ಎನ್ನುತ್ತಾರೆ, ಜರ್ಮನ್ ಮಾತನಾಡುವವರು ವಾಲಿಸ್ ಎನ್ನುತ್ತಾರೆ. ರೋನ್ ನದಿ ಅಲ್ಲಿಯ ಹಿಮನದಿಯೊಂದರಲ್ಲಿ ಹುಟ್ಟಿ, ಪಶ್ಚಿಮ ದಿಕ್ಕಿಗೆ ಹರಿದು, ಮಾರ್ಟಿನಿ ಎಂಬ ಊರಿನ ಬಳಿ ಉತ್ತರಕ್ಕೆ ತಿರುಗಿ ಜಿನೀವಾ ಸರೋವರವನ್ನು ಸೇರುತ್ತದೆ. ಈ ನದಿಯ ಎರಡೂ ಬದಿಗೆ ಬೆಟ್ಟಗಳು ಗೋಡೆಯಂತೆ ಎದ್ದಿವೆ. ಬಲದಂಡೆಯ, ಅಂದರೆ ದಕ್ಷಿಣಕ್ಕೆ ಮುಖಮಾಡಿ ಬಿಸಿಲು ಕಾಯುವ ಇಳಿಜಾರಿನ ತುಂಬ ದ್ರಾಕ್ಷಿ. ಒಟ್ಟು ಐದು ಸಾವಿರ ಹೆಕ್ಟೇರಿಗೆ ಸ್ವಲ್ಪ ಕಡಿಮೆ. ಇಡೀ ದೇಶದ ದ್ರಾಕ್ಷಿ ತೋಟಗಳ ಸುಮಾರು ಮೂರನೇ ಒಂದು ಪಾಲು. ಮಾರ್ಟಿನಿಯಿಂದ ಫಿಸ್ಪ್ ಎಂಬ ಊರಿನವರೆಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಆ ಒಂದು ಗಂಟೆಯಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಕಾಣುವುದು ಬೆಟ್ಟದ ಬುಡದಿಂದ ಮೇಲಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ತೋಟಗಳು.

ಪ್ರವಾಸಿಗಳು ಇದನ್ನು ಪ್ರಕೃತಿಯ ಸೊಬಗು ಎಂದು ನೋಡಿ ಬರುತ್ತಾರೆ. ಆದರೆ ಅದರಲ್ಲಿ ಪ್ರಕೃತಿ ಕೊಟ್ಟದ್ದು ಅರ್ಧ ಮಾತ್ರ. ಉಳಿದರ್ಧ ಹಳ್ಳಿಗರು ಕೂಡಿ ತಂದ ನೀರು, ಕೂಡಿ ಕಟ್ಟಿದ ಗೋಡೆ. ವೈನ್ ಕುಡಿಯುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿ ಬೇಡ. ಒಂದು ಹನಿ ಮುಟ್ಟದವರೂ ಈ ಕಣಿವೆಯಿಂದ ತಿಳಿಯಬೇಕಾದದ್ದು ಬಹಳ ಇದೆ.

ಮಳೆ ಬಾರದ ಹಿಮದ ನಾಡು

ತಂಪು ಹವೆಯ ಬೆಟ್ಟ ಎಂದರೆ ಕೊಡಗು, ಮಲೆನಾಡಿನಂತೆ ಮಳೆ ಸುರಿಯುವ ಜಾಗ ಎಂದು ನಾವು ಭಾವಿಸುತ್ತೇವೆ. ವಲೇ ಹಾಗಿಲ್ಲ. ಅದರ ರಾಜಧಾನಿ ಸಿಯೋನ್ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ಚಿತ್ರದುರ್ಗ, ಬಳ್ಳಾರಿ ಸೀಮೆಯ ಮಳೆಯೂ ಹೆಚ್ಚುಕಡಿಮೆ ಇಷ್ಟೇ. ಕಣಿವೆಯ ಉತ್ತರಕ್ಕೂ ದಕ್ಷಿಣಕ್ಕೂ ನಾಲ್ಕು ಸಾವಿರ ಮೀಟರ್ ಮೀರಿದ ಶಿಖರಗಳಿವೆ. ಯಾವ ದಿಕ್ಕಿನಿಂದ ಮೋಡ ಬಂದರೂ ತನ್ನ ನೀರನ್ನು ಆ ಶಿಖರಗಳ ಆಚೆಯೇ ಸುರಿದು ಹಗುರಾಗುತ್ತದೆ. ಪಶ್ಚಿಮ ಘಟ್ಟದ ಪೂರ್ವಕ್ಕೆ ಬಯಲುಸೀಮೆ ಒಣಗಿದ್ದು ಯಾವ ಕಾರಣಕ್ಕೋ ಇಲ್ಲಿಯೂ ಅದೇ ಕಾರಣ. ವ್ಯತ್ಯಾಸವೆಂದರೆ ನಮ್ಮಲ್ಲಿ ಘಟ್ಟ ಒಂದು ಬದಿಗೆ, ಅಲ್ಲಿ ಎರಡೂ ಬದಿಗೆ.

ಇದರಿಂದ ದ್ರಾಕ್ಷಿಗೆ ಲಾಭವೂ ಇದೆ, ನಷ್ಟವೂ ಇದೆ. ವರ್ಷಕ್ಕೆ ಎರಡು ಸಾವಿರ ಗಂಟೆ ಮೀರಿದ ಬಿಸಿಲು ಸಿಗುತ್ತದೆ. ದಕ್ಷಿಣದ ಶಿಖರಗಳನ್ನು ದಾಟಿ ಇಳಿಯುವ ಫೊಯೆನ್ ಎಂಬ ಬೆಚ್ಚಗಿನ ಒಣಗಾಳಿ ಶರತ್ಕಾಲದಲ್ಲಿ ಹಣ್ಣನ್ನು ಮಾಗಿಸುತ್ತದೆ. ಗಾಳಿ ಒಣಗಿರುವುದರಿಂದ ಬೂಷ್ಟು ರೋಗದ ಕಾಟ ಕಡಿಮೆ. ರಾತ್ರಿ ಹಿಮದ ಕಡೆಯಿಂದ ತಣ್ಣನೆ ಗಾಳಿ ಇಳಿಯುವುದರಿಂದ ಹಣ್ಣು ನಿಧಾನವಾಗಿ ಮಾಗುತ್ತದೆ, ಹುಳಿ ಪೂರ್ತಿ ಕಳೆದುಹೋಗುವುದಿಲ್ಲ. ತಂಪು ಸೀಮೆಯ ವೈನಿಗೆ ಬೆಲೆ ಬರುವುದು ಈ ಹುಳಿಯಿಂದ. ಬರೀ ಸಿಹಿಯಾದ ಹಣ್ಣಿನಿಂದ ಆಗುವ ವೈನ್ ಸಪ್ಪೆ ಎನಿಸುತ್ತದೆ. ಇದು ಲಾಭದ ಮಾತು. ನಷ್ಟವೆಂದರೆ ನೀರು. ಬೇಸಿಗೆಯಲ್ಲಿ ಕಡಿದಾದ ಕಲ್ಲಿನ ಇಳಿಜಾರಿನ ಮಣ್ಣು ಬೇಗ ಒಣಗುತ್ತದೆ. ಎದುರಿಗೇ ಹಿಮದ ರಾಶಿ ಕಾಣುತ್ತಿದ್ದರೂ ಬಳ್ಳಿಯ ಬುಡಕ್ಕೆ ತೇವವಿಲ್ಲ. ಆ ನೀರನ್ನು ಇಲ್ಲಿಗೆ ತರುವುದು ಹೇಗೆ?

ಬಂಡೆಗೆ ತೂಗುಹಾಕಿದ ಕಾಲುವೆ

ಇದಕ್ಕೆ ಅಲ್ಲಿಯ ಹಳ್ಳಿಗರು ಕಂಡುಕೊಂಡ ಉಪಾಯಕ್ಕೆ ಫ್ರೆಂಚಿನಲ್ಲಿ ಬಿಸ್ ಎಂದು ಹೆಸರು, ಜರ್ಮನ್ ಹಳ್ಳಿಗಳಲ್ಲಿ ಸುವೊನ್. ಹಿಮನದಿ ಕರಗಿ ಹರಿಯುವ ಹಳ್ಳವನ್ನು ಬೆಟ್ಟದ ಮೇಲೆಯೇ ತಿರುಗಿಸಿ, ಇಳಿಜಾರಿಗೆ ಅಡ್ಡವಾಗಿ ಮೈಲಿಗಟ್ಟಲೆ ಸಾಗಿಸುವ ಚಿಕ್ಕ ಕಾಲುವೆ ಇದು. ಮಣ್ಣಿರುವಲ್ಲಿ ತೋಡಿದ ಕಾಲುವೆ, ಬಂಡೆ ಎದುರಾದಲ್ಲಿ ಮರದ ದೋಣಿ. ಬಂಡೆಗೆ ತೂತು ಕೊರೆದು ತೊಲೆ ತುರುಕಿ, ಅದರ ಮೇಲೆ ಹಲಗೆಯ ದೋಣಿಯನ್ನು ಕೂರಿಸುತ್ತಿದ್ದರು. ಕೆಳಗೆ ನೂರಾರು ಅಡಿಯ ಪ್ರಪಾತ. ಹಗ್ಗಕ್ಕೆ ಜೋತುಬಿದ್ದು ಮಾಡಿದ ಈ ಕೆಲಸದಲ್ಲಿ ಜೀವ ಕಳೆದುಕೊಂಡವರು ಬಹಳ.

ಇವುಗಳಲ್ಲಿ ಹೆಚ್ಚಿನವು ಹದಿನೈದನೆಯ ಶತಮಾನದವು. ಆಗಲೇ ಯಾಕೆ ಎಂಬುದಕ್ಕೆ ಇತಿಹಾಸಕಾರರು ಕೊಡುವ ಕಾರಣ ಕುತೂಹಲಕರವಾಗಿದೆ. ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಪ್ಲೇಗ್ ಮಾರಿ ಊರೂರುಗಳನ್ನು ಖಾಲಿ ಮಾಡಿತು. ತಿನ್ನುವ ಬಾಯಿ ಕಡಿಮೆಯಾದಾಗ ಧಾನ್ಯದ ಹೊಲಗಳು ಹುಲ್ಲುಗಾವಲಾದವು. ಇಟಲಿಯ ನಗರಗಳಲ್ಲಿ ಮಾಂಸಕ್ಕೂ ತೊಗಲಿಗೂ ಬೇಡಿಕೆ ಇತ್ತು. ದನ ಸಾಕಲು ಹುಲ್ಲು ಬೇಕು, ಹುಲ್ಲಿಗೆ ನೀರು ಬೇಕು. ಹೀಗೆ ಹುಲ್ಲಿಗಾಗಿ ಬಂದ ಕಾಲುವೆಗಳು ಬರುಬರುತ್ತ ದ್ರಾಕ್ಷಿಯ ಪಾಲಿಗೂ ಜೀವನಾಡಿಯಾದವು. ಸಿಯೋನ್ ನಗರದ ಮೇಲಿನ ತೋಟಗಳ ನಡುವೆ ಹರಿಯುವ ಕ್ಲಾವೊ ಎಂಬ ಬಿಸ್ 1453ರದ್ದು. ಇವತ್ತಿಗೂ ಅದರಲ್ಲಿ ನೀರಿದೆ. ಅದರ ಪಕ್ಕದಲ್ಲೇ ಕಾಲುದಾರಿ. ಸುಮಾರು ಏಳು ಕಿಲೋಮೀಟರ್ ದೂರ ಒಂದು ಬದಿಗೆ ನೀರಿನ ಸದ್ದು, ಇನ್ನೊಂದು ಬದಿಗೆ ಬಳ್ಳಿ, ಕೆಳಗೆ ಇಡೀ ಕಣಿವೆ. ದಾರಿಯಲ್ಲಿ ಗೇರಿತ್ ಎನ್ನುವ ಪುಟ್ಟ ಕಲ್ಲಿನ ಗುಡಿಸಲುಗಳಿವೆ. ಹಿಂದೆ ಕೆಲಸಗಾರರು ಸಲಕರಣೆ ಇಡುತ್ತಿದ್ದ ಇವುಗಳಲ್ಲಿ ಕೆಲವು ಈಗ ನಡೆದು ಬಂದವರಿಗೆ ಊಟ ಕೊಡುವ ಜಾಗಗಳಾಗಿವೆ.

ಕಾಲುವೆ ಕಟ್ಟುವುದು ಒಂದು ಸಾಹಸ. ಅದನ್ನು ಐನೂರು ವರ್ಷ ನಡೆಸಿಕೊಂಡು ಬರುವುದು ಇನ್ನೊಂದು. ನೀರಿನ ಹಕ್ಕುದಾರರೆಲ್ಲ ಸೇರಿ ಒಂದು ಕೂಟ ಮಾಡಿಕೊಂಡಿದ್ದರು. ಯಾರಿಗೆ ಯಾವ ದಿನ, ಎಷ್ಟು ಗಂಟೆ ನೀರು ಎಂಬ ಸರದಿ ಇತ್ತು. ಅಕ್ಷರ ಬಾರದ ಕಾಲದಲ್ಲಿ ಈ ಲೆಕ್ಕವನ್ನು ಮರದ ಕೋಲಿನ ಮೇಲೆ ಕಚ್ಚು ಹಾಕಿ ಇಡುತ್ತಿದ್ದರು. ಪ್ರತಿ ಮನೆತನಕ್ಕೂ ಒಂದು ಗುರುತು; ಆ ಗುರುತಿನ ಪಕ್ಕದ ಕಚ್ಚುಗಳೇ ಅವರ ನೀರಿನ ಪಾಲು. ಪ್ರತಿ ವಸಂತದಲ್ಲಿ ಹಕ್ಕುದಾರರು ಗುದ್ದಲಿ ಹಿಡಿದು ಹೋಗಿ ಹೂಳು ತೆಗೆದು, ಮುರಿದ ಹಲಗೆ ಬದಲಿಸಬೇಕು. ನಮ್ಮ ಕೆರೆಗಳಿಗೆ ನೀರುಗಂಟಿ ಇದ್ದಂತೆ ಅಲ್ಲಿ ಕಾಲುವೆಗೊಬ್ಬ ಕಾವಲುಗಾರ. ಅವನಿಗೆ ನೆರವಾಗಲು ಒಂದು ಉಪಾಯವಿತ್ತು. ಕಾಲುವೆಯ ನೀರಿನಿಂದಲೇ ತಿರುಗುವ ಚಿಕ್ಕ ಚಕ್ರ, ಅದಕ್ಕೆ ಜೋಡಿಸಿದ ಮರದ ಸುತ್ತಿಗೆ. ನೀರು ಹರಿಯುವವರೆಗೆ ಸುತ್ತಿಗೆ ಟಕ್ ಟಕ್ ಎಂದು ಹಲಗೆಗೆ ಬಡಿಯುತ್ತಲೇ ಇರುತ್ತದೆ. ರಾತ್ರಿ ಆ ಸದ್ದು ನಿಂತಿತೆಂದರೆ ಮೇಲೆಲ್ಲೋ ಕಾಲುವೆ ಒಡೆದಿದೆ ಎಂದರ್ಥ. ಕಾವಲುಗಾರ ಲಾಂದ್ರ ಹಿಡಿದು ಹೊರಡಬೇಕು.

ಸಾಂಪ್ರದಾಯಿಕ ನೀರಾವರಿಯ ಈ ಜ್ಞಾನವನ್ನು ಯುನೆಸ್ಕೊ 2023ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ಏಳು ದೇಶಗಳು ಒಟ್ಟಾಗಿ ಅರ್ಜಿ ಸಲ್ಲಿಸಿದ್ದವು. ಕಾಲುವೆಯನ್ನಷ್ಟೇ ಅಲ್ಲದೆ ಅದನ್ನು ನಡೆಸುವ ಜನರ ಕಟ್ಟುಪಾಡನ್ನೂ ಪರಂಪರೆ ಎಂದು ಒಪ್ಪಿಕೊಂಡದ್ದು ಇಲ್ಲಿ ಗಮನಿಸಬೇಕಾದ ಅಂಶ.

ಗಾರೆಯಿಲ್ಲದ ಗೋಡೆ

ಎರಡನೆಯದು ಗೋಡೆ. ಇಷ್ಟು ಕಡಿದಾದ ಇಳಿಜಾರಿನಲ್ಲಿ ಮಣ್ಣು ತಾನಾಗಿ ನಿಲ್ಲುವುದಿಲ್ಲ. ಆದ್ದರಿಂದ ಕಲ್ಲಿನ ಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿ, ಮೆಟ್ಟಿಲುಗಳಂಥ ಪಟ್ಟೆಗಳನ್ನು ಮಾಡಿದ್ದಾರೆ. ಸಿಯೋನ್ ಬಳಿ ಕೆಲವು ಗೋಡೆಗಳು ಮೂರು ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರ. ಕೆಲವು ಪಟ್ಟೆಗಳ ಅಗಲ ಮಾತ್ರ ಎರಡು ಸಾಲು ಬಳ್ಳಿಗೆ ಸಾಕಾಗುವಷ್ಟು. ಸುಣ್ಣವಾಗಲಿ ಸಿಮೆಂಟಾಗಲಿ ಇಲ್ಲದೆ, ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟುವುದು ಇವುಗಳ ವಿಶೇಷ. ಸಂದುಗಳಲ್ಲಿ ಮಳೆನೀರು ಸೋರಿ ಹೋಗುವುದರಿಂದ ಗೋಡೆಯ ಹಿಂದೆ ನೀರು ನಿಂತು ಒತ್ತಡ ಹೆಚ್ಚುವುದಿಲ್ಲ. ಹಗಲಿನ ಬಿಸಿಲನ್ನು ಹೀರಿದ ಕಲ್ಲು ರಾತ್ರಿ ಮೆಲ್ಲಗೆ ಬಿಸಿ ಬಿಡುತ್ತದೆ, ಹಣ್ಣಿಗೆ ಚಳಿಯಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ. ಗಾರೆಯಿಲ್ಲದೆ ಕಲ್ಲು ಕಟ್ಟುವ ಈ ಕಲೆಯೂ 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಆಗ ಅದರಲ್ಲಿ ಸ್ವಿಟ್ಜರ್ಲೆಂಡ್ ಜೊತೆ ಇನ್ನೂ ಏಳು ದೇಶಗಳ ಪಾಲಿತ್ತು.

ಆದರೆ ಚಳಿಗಾಲ ಬಂದಾಗಲೆಲ್ಲ ಸಂದಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಕಲ್ಲು ಜರುಗುತ್ತದೆ, ಅಲ್ಲೊಂದು ಇಲ್ಲೊಂದು ಗೋಡೆ ಹೊಟ್ಟೆ ಬಿಟ್ಟು ಬೀಳುತ್ತದೆ. ಅದನ್ನು ಮತ್ತೆ ಎತ್ತಬೇಕು. ಮಳೆಗೆ ಕೆಳಗೆ ಕೊಚ್ಚಿ ಬಂದ ಮಣ್ಣನ್ನು ಹಿಂದೆ ಬೆನ್ನಿನ ಬುಟ್ಟಿಯಲ್ಲಿ ಹೊತ್ತು ಮೇಲಿನ ಪಟ್ಟೆಗೆ ಹಾಕುತ್ತಿದ್ದರು. ಟ್ರ್ಯಾಕ್ಟರ್ ಹತ್ತದ ಇಂಥ ಜಾಗದಲ್ಲಿ ಬಯಲಿನ ತೋಟಕ್ಕಿಂತ ಹಲವು ಪಟ್ಟು ಹೆಚ್ಚು ಕೈಕೆಲಸ ಬೇಕು.

ಮೂರು ಬಳ್ಳಿಯ ತೋಟ

ವಲೇ ಕಣಿವೆಯ ತೋಟಗಳ ಇನ್ನೊಂದು ಲಕ್ಷಣ ಅವುಗಳ ಚಿಕ್ಕ ಗಾತ್ರ. ತಲೆಮಾರಿನಿಂದ ತಲೆಮಾರಿಗೆ ಪಾಲಾಗುತ್ತ ಬಂದ ಭೂಮಿ ಸಾವಿರಾರು ಮಾಲೀಕರ ಕೈಯಲ್ಲಿ ಚೂರು ಚೂರಾಗಿದೆ. ಒಂದೇ ಕುಟುಂಬಕ್ಕೆ ನಾಲ್ಕು ಕಡೆ ನಾಲ್ಕು ತುಂಡು ಇರುವುದು ಅಲ್ಲಿ ಸಾಮಾನ್ಯ. ಇದರ ಕೊನೆಯ ಉದಾಹರಣೆಯನ್ನು ನೋಡಬೇಕಾದರೆ ಮಾರ್ಟಿನಿ ಮತ್ತು ಸಿಯೋನ್ ನಡುವಿನ ಸಾಯೋನ್ ಎಂಬ ಕೋಟೆಯ ಊರಿಗೆ ಹೋಗಬೇಕು. ಅಲ್ಲಿ ಕೇವಲ ಮೂರು ಬಳ್ಳಿಯ ಒಂದು ತೋಟವಿದೆ. ವಿಸ್ತೀರ್ಣ ಎರಡು ಚದರ ಮೀಟರಿಗಿಂತ ಕಡಿಮೆ. ಜಗತ್ತಿನ ಅತಿ ಚಿಕ್ಕ ನೋಂದಾಯಿತ ದ್ರಾಕ್ಷಿ ತೋಟ ಎಂದು ಅದರ ಖ್ಯಾತಿ.

ಈ ತೋಟ ಫಾರಿನೆ ಎಂಬವನ ನೆನಪಿಗೆ ಮಾಡಿದ್ದು. ಅವನು ಖೋಟಾ ನಾಣ್ಯ ಮಾಡಿ ಬಡವರಿಗೆ ಧಾರಾಳವಾಗಿ ಹಂಚುತ್ತಿದ್ದನಂತೆ. ಪೊಲೀಸರು ಬೆನ್ನಟ್ಟಿದಾಗ 1880ರಲ್ಲಿ ಸಾಯೋನ್ ಬಳಿಯ ಕೊರಕಲಿನಲ್ಲಿ ಸತ್ತ. ಜನ ಅವನನ್ನು ಬಡವರ ಬಂಧುವೆಂದು ಕೊಂಡಾಡಿದರು. ಅವನ ಮೇಲೆ ರಾಮ್ಯು ಎಂಬ ಪ್ರಸಿದ್ಧ ಲೇಖಕ ಕಾದಂಬರಿ ಬರೆದ, ಸಿನಿಮಾ ಬಂತು. ಆ ಸಿನಿಮಾದಲ್ಲಿ ಫಾರಿನೆಯಾಗಿ ನಟಿಸಿದ ಫ್ರೆಂಚ್ ನಟ ಜಾನ್ ಲೂಯಿ ಬಾರೋ ಈ ತೋಟದ ಒಡೆಯರಾಗಿದ್ದರು. ಆಮೇಲೆ ಅದು ನಿರ್ಗತಿಕರ ಸೇವೆಗೆ ಹೆಸರಾದ ಪಾದ್ರಿ ಆಬೆ ಪಿಯೆರ್ ಅವರದಾಯಿತು. ಅವರು 1999ರಲ್ಲಿ ಅದನ್ನು ದಲೈ ಲಾಮಾ ಅವರಿಗೆ ದಾಟಿಸಿದರು. ಧರ್ಮಶಾಲೆಯಲ್ಲಿ ನೆಲೆಸಿರುವ, ನಮ್ಮ ಬೈಲಕುಪ್ಪೆಯ ಟಿಬೆಟನ್ನರ ಗುರುವಾದ ಅದೇ ದಲೈ ಲಾಮಾ! ಮೂರು ಬಳ್ಳಿಯ ಹಣ್ಣನ್ನು ಬೇರೆ ವೈನಿನ ಜೊತೆ ಬೆರೆಸಿ, ಅದರ ಹಣವನ್ನು ದಾನಕ್ಕೆ ಬಳಸುತ್ತಾರೆ.

ಊರಿಗೆ ಊರೇ ಇಳಿದು ಬರುತ್ತಿತ್ತು

ಸಿಯೋನ್ ದಾಟಿದರೆ ಸಿಯೆರ್ ನಗರ. ಅದರ ದಕ್ಷಿಣಕ್ಕೆ ಬೆಟ್ಟದೊಳಗೆ ಅನಿವಿಯೆ ಎಂಬ ಉಪಕಣಿವೆ. ಅಲ್ಲಿಯ ಹಳ್ಳಿಗಳು ಬಹಳ ಎತ್ತರದಲ್ಲಿರುವುದರಿಂದ ದ್ರಾಕ್ಷಿ ಬೆಳೆಯದು. ಆದ್ದರಿಂದ ಅವರ ತೋಟಗಳು ಕೆಳಗೆ ಸಿಯೆರ್ ಸುತ್ತಮುತ್ತ ಇದ್ದವು. ವರ್ಷದುದ್ದಕ್ಕೂ ಈ ಜನ ಮೇಲೆ ಕೆಳಗೆ ಓಡಾಡುತ್ತಿದ್ದರು. ವಸಂತದಲ್ಲಿ ದ್ರಾಕ್ಷಿ ಕೆಲಸಕ್ಕೆ ಕೆಳಗೆ, ಬೇಸಿಗೆಯಲ್ಲಿ ದನಗಳ ಜೊತೆ ಎತ್ತರದ ಹುಲ್ಲುಗಾವಲಿಗೆ, ಶರತ್ಕಾಲದಲ್ಲಿ ಕೊಯ್ಲಿಗೆ ಮತ್ತೆ ಕೆಳಗೆ. ಮಕ್ಕಳು ಮರಿ, ಕುರಿ ಕೋಳಿ, ಪಾದ್ರಿ, ಶಾಲಾ ಮೇಷ್ಟ್ರು ಎಲ್ಲರೂ ಜೊತೆಗೆ. ಊರೊಟ್ಟಿನ ತೋಟದಲ್ಲಿ ಕೆಲಸ ಮಾಡುವ ದಿನ ಕೊಳಲು, ತಮಟೆಯ ಮೇಳ ಮುಂದೆ, ಗುದ್ದಲಿ ಹಿಡಿದವರು ಹಿಂದೆ. ಈ ಅಲೆದಾಟ ಇಪ್ಪತ್ತನೆಯ ಶತಮಾನದಲ್ಲಿ ನಿಂತುಹೋಯಿತು. ಆದರೂ ಕೆಲವು ಊರುಗಳಲ್ಲಿ ಮೇಳದೊಂದಿಗೆ ಊರೊಟ್ಟಿನ ತೋಟ ಅಗೆಯುವ ಪದ್ಧತಿ ಉಳಿದಿದೆ.

ಕೊಯ್ಲು ಮುಗಿದ ಮೇಲೆ ಒಂದಿಷ್ಟು ವೈನನ್ನು ಮೇಲಿನ ಹಳ್ಳಿಗೆ ಹೊತ್ತೊಯ್ಯುತ್ತಿದ್ದರು. ಅದಕ್ಕೆ ಹಿಮನದಿಯ ವೈನ್ ಎಂದು ಹೆಸರು. ಸುಮಾರು 1,570 ಮೀಟರ್ ಎತ್ತರದ ಗ್ರಿಮೆನ್ಸ್ ಹಳ್ಳಿಯ ಸಾರ್ವಜನಿಕ ಮನೆಯ ನೆಲಮಾಳಿಗೆಯಲ್ಲಿ ಅದನ್ನು ಲಾರ್ಚ್ ಎಂಬ ಪೈನ್ ಜಾತಿಯ ಮರದ ಪೀಪಾಯಿಗಳಲ್ಲಿ ಇಟ್ಟಿದ್ದಾರೆ. ಪೀಪಾಯಿಯನ್ನು ಎಂದೂ ಪೂರ್ತಿ ಬರಿದು ಮಾಡುವುದಿಲ್ಲ. ಖರ್ಚಾದಷ್ಟನ್ನು ಹೊಸದರಿಂದ ತುಂಬುತ್ತಾರೆ. ಹಳೆಯ ಮೊಸರಿನಿಂದ ಹೊಸ ಹಾಲಿಗೆ ಹೆಪ್ಪು ಹಾಕಿದ ಹಾಗೆ ಹಳೆಯದು ಹೊಸದರಲ್ಲಿ ಮುಂದುವರಿಯುತ್ತದೆ. ಅಲ್ಲಿಯ ಬಿಷಪ್ಪರ ಪೀಪಾಯಿ ಎಂಬುದು 1886ರದ್ದು. ಈ ವೈನಿಗೆ ಹಿಂದೆ ಬಳಸುತ್ತಿದ್ದದ್ದು ರೇಝ್ ಎಂಬ ಹಳೆಯ ತಳಿಯ ದ್ರಾಕ್ಷಿ. 1313ರ ಅನಿವಿಯೆ ದಾಖಲೆಯೊಂದರಲ್ಲಿಯೇ ಈ ತಳಿಯ ಹೆಸರಿದೆ. ಇಂದು ಈ ಬಳ್ಳಿ ಉಳಿದಿರುವುದು ಬಹಳ ಸ್ವಲ್ಪ.

ಸಿಯೆರ್‌ನಿಂದ ಪಕ್ಕದ ಸಾಲ್ಗೆಶ್ ಹಳ್ಳಿಗೆ ತೋಟಗಳ ನಡುವೆ ಆರು ಕಿಲೋಮೀಟರ್ ನಡೆದು ಹೋಗಬಹುದು. ನಡುವೆ ರಾಸ್ಪಿಯ್ ಎಂಬ ಸಣ್ಣ ಹಳ್ಳ ಸಿಗುತ್ತದೆ. ಈಚೆ ಫ್ರೆಂಚ್, ಆಚೆ ಜರ್ಮನ್. ಮಾತು ಬದಲಾದರೂ ಗೋಡೆ, ಬಳ್ಳಿ, ನೀರಿನ ಸರದಿ ಬದಲಾಗುವುದಿಲ್ಲ. ಎರಡೂ ಊರುಗಳಲ್ಲಿ ಹಂಚಿಹೋಗಿರುವ ಒಂದು ವೈನ್ ವಸ್ತುಸಂಗ್ರಹಾಲಯವೂ ಇದೆ.

ಮೋಡದ ಹತ್ತಿರದ ತೋಟ

ರೈಲಿನ ಪ್ರಯಾಣ ಫಿಸ್ಪ್‌ನಲ್ಲಿ ಮುಗಿದರೆ ಅಲ್ಲಿಂದ ಹಳದಿ ಬಣ್ಣದ ಅಂಚೆ ಬಸ್ಸು ತಿರುವು ತಿರುವಾಗಿ ಫಿಸ್ಪರ್‌ಟರ್ಮಿನೆನ್ ಹಳ್ಳಿಗೆ ಏರುತ್ತದೆ. ಹಳ್ಳಿಯ ಎತ್ತರ 1,378 ಮೀಟರ್. ಅದರ ಕೆಳಗಿನ ಇಳಿಜಾರಿನಲ್ಲಿ 650 ಮೀಟರಿನಿಂದ 1,150 ಮೀಟರಿನವರೆಗೆ ದ್ರಾಕ್ಷಿ. ಯುರೋಪಿನ ಅತಿ ಎತ್ತರದ ದ್ರಾಕ್ಷಿ ತೋಟಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿದೆ. ನಂದಿಬೆಟ್ಟ ಇದಕ್ಕಿಂತ ಎತ್ತರವಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಭೂಮಧ್ಯರೇಖೆಯಿಂದ ಅಷ್ಟು ದೂರದಲ್ಲಿ ಎತ್ತರದ ಲೆಕ್ಕವೇ ಬೇರೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಅಲ್ಲಿ ಅಷ್ಟು ಇಳಿದರೆ ಹಣ್ಣು ಮಾಗುವುದೇ ಅನುಮಾನ. ಬಿಸಿಲಿಗೆ ಎದುರಾದ ಇಳಿಜಾರು, ಕಲ್ಲಿನ ಗೋಡೆ, ಫೊಯೆನ್ ಗಾಳಿ ಈ ಮೂರೂ ಸೇರಿದ್ದರಿಂದ ಹೈಡಾ ಎಂಬ ಬಿಳಿ ದ್ರಾಕ್ಷಿ ಅಲ್ಲಿ ಮಾಗುತ್ತದೆ. ಇಲ್ಲಿಯೂ ಚೂರುಪಾರು ತೋಟಗಳೇ. ಹಣ್ಣನ್ನು ಊರಿನ ಸಹಕಾರಿ ಘಟಕಕ್ಕೆ ಹಾಕುತ್ತಾರೆ. ಆ ಘಟಕಕ್ಕೆ ಸಂತ ಥಿಯೊಡುಲ್ ಹೆಸರಿದೆ. ನಾಲ್ಕನೆಯ ಶತಮಾನದ ಈ ಬಿಷಪ್ ಕಣಿವೆಯ ದ್ರಾಕ್ಷಿ ಬೆಳೆಗಾರರ ಆರಾಧ್ಯ. ಬೆಳೆ ಕೈಕೊಟ್ಟ ಒಂದು ವರ್ಷ ಅವನು ಹಿಡಿಯಷ್ಟು ದ್ರಾಕ್ಷಿಯಿಂದ ಎಲ್ಲರ ಪೀಪಾಯಿ ತುಂಬಿಸಿದನೆಂದು ಕತೆ ಹೇಳುತ್ತಾರೆ.

ಇನ್ನು ಮುಂದೆ ಯಾರು?

ಇಷ್ಟು ಕಷ್ಟದ ಬೇಸಾಯ ಇಷ್ಟು ಕಾಲ ಹೇಗೆ ಉಳಿಯಿತು? 1860ರಲ್ಲಿ ರೈಲು ಸಿಯೋನ್ ತಲುಪಿದ ಮೇಲೆ ವೈನಿಗೆ ದೇಶದ ಪೇಟೆ ತೆರೆಯಿತು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಯುಮಿನಿಯಂ ಕಾರ್ಖಾನೆ, ರಾಸಾಯನಿಕ ಕಾರ್ಖಾನೆ, ಅಣೆಕಟ್ಟುಗಳು ಬಂದವು. 1961ರಲ್ಲಿ ಮುಗಿದ, 285 ಮೀಟರ್ ಎತ್ತರದ ಗ್ರಾಂಡ್ ದಿಕ್ಸಾನ್ಸ್ ಅಣೆಕಟ್ಟು ಇದೇ ಪ್ರಾಂತ್ಯದ್ದು. ಹಳ್ಳಿಗರು ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಸಂಜೆ ತೋಟಕ್ಕೆ ಹೋದರು. ಸಂಬಳ ಮನೆ ನಡೆಸಿತು, ಬಿಡುವಿನ ವೇಳೆ ಗೋಡೆ ಉಳಿಸಿತು. ಆ ತಲೆಮಾರಿಗೆ ಈಗ ವಯಸ್ಸಾಗಿದೆ. ನಗರದಲ್ಲಿ ಕೆಲಸ ಹಿಡಿದ ಮಕ್ಕಳಿಗೆ ಅಜ್ಜನ ಅರ್ಧ ಗುಂಟೆ ಇಳಿಜಾರು ಹೊರೆಯಾಗಿ ಕಾಣುತ್ತಿದೆ. ಸ್ವಿಸ್ ಜನರು ವೈನ್ ಕುಡಿಯುವುದೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಒಂದು ತುಂಡು ಪಾಳುಬಿದ್ದರೆ ಅದರ ಗೋಡೆ ಬೀಳುತ್ತದೆ. ಆ ಗೋಡೆ ಬಿದ್ದರೆ ಕೆಳಗಿನವನ ತೋಟಕ್ಕೂ ಅಪಾಯ. ಆದ್ದರಿಂದ ಬಿಡುವುದೂ ಒಬ್ಬನ ಸ್ವಂತ ವಿಚಾರವಾಗಿ ಉಳಿಯುವುದಿಲ್ಲ.

ಇದರ ಮೇಲೆ ಹವೆಯ ಬದಲಾವಣೆ. ಬೆಚ್ಚಗಾದರೆ ಎತ್ತರದ ತೋಟಕ್ಕೆ ಒಳ್ಳೆಯದಲ್ಲವೇ ಎನಿಸಬಹುದು. ಹಣ್ಣು ಬೇಗ ಮಾಗುತ್ತಿರುವುದು ನಿಜ. ಆದರೆ ಬಳ್ಳಿ ಬೇಗ ಚಿಗುರುವುದರಿಂದ ಏಪ್ರಿಲ್ ತಿಂಗಳ ಹಿಮಕ್ಕೆ ಸಿಕ್ಕಿ ಸುಡುವ ಅಪಾಯವಿದೆ. 2017ರ ಏಪ್ರಿಲಿನಲ್ಲಿ ಕಣಿವೆಯ ಬೆಳೆಗಾರರು ಭಾರಿ ನಷ್ಟ ಅನುಭವಿಸಿದರು. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಒಟ್ಟು ಗಾತ್ರದ ಶೇಕಡ 10ರಷ್ಟನ್ನು ಕಳೆದುಕೊಂಡವು. 2024ರ ಜೂನ್ ಕೊನೆಯಲ್ಲಿ ರೋನ್ ನದಿ ಸಿಯೆರ್ ಬಳಿ ಉಕ್ಕಿ ಹರಿಯಿತು. 2025ರ ಮೇ 28ರಂದು ಇದೇ ಪ್ರಾಂತ್ಯದ ಬ್ಲಾಟನ್ ಹಳ್ಳಿಯ ಮೇಲೆ ಹಿಮನದಿಯೇ ಕುಸಿದು ಬಿದ್ದು ಊರಿನ ಬಹುಭಾಗ ಮುಚ್ಚಿಹೋಯಿತು. ಮೊದಲೇ ಊರು ಖಾಲಿ ಮಾಡಿಸಿದ್ದರಿಂದ ದೊಡ್ಡ ಪ್ರಾಣಹಾನಿ ತಪ್ಪಿತು. ಬೇಸಿಗೆಯಲ್ಲಿ ಕಾಲುವೆಗಳನ್ನು ತುಂಬಿಸುತ್ತಿದ್ದದ್ದು ಇಂಥ ಹಿಮನದಿಗಳೇ. ಅವು ಕರಗಿ ಮುಗಿದರೆ ಇದ್ದಷ್ಟು ನೀರನ್ನು ತೋಟ, ಹುಲ್ಲುಗಾವಲು, ವಿದ್ಯುತ್ತು, ಪಟ್ಟಣಗಳ ನಡುವೆ ಹೇಗೆ ಹಂಚುವುದು ಎಂಬ ಪ್ರಶ್ನೆ ಮತ್ತೆ ಎದುರಾಗುತ್ತದೆ. ಕಚ್ಚು ಹಾಕಿದ ಕೋಲು ಹಿಡಿದು ಹಳ್ಳಿಗರು ಹಿಂದೆ ಬಗೆಹರಿಸಿಕೊಂಡಿದ್ದ ಪ್ರಶ್ನೆಯೇ ಅದು. ಆಗಿನ ಕೂಟದಲ್ಲಿ ನೀರಿನ ಹಕ್ಕಿದ್ದವನಿಗೆ ಕಾಲುವೆ ದುರಸ್ತಿಯ ಹೊಣೆಯೂ ಇತ್ತು. ಮುಂದಿನ ಹಂಚಿಕೆಯಲ್ಲಿ ಆ ಹೊಣೆ ಯಾರದು ಎಂಬುದು ಇನ್ನೂ ತೀರ್ಮಾನವಾಗಬೇಕಿದೆ.

ಈ ಕಣಿವೆಯನ್ನು ನೋಡಬಯಸುವವರಿಗೆ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ಆಗ ಕೊಯ್ಲು ನಡೆದಿರುತ್ತದೆ, ಎಲೆ ಹಳದಿ ಬಣ್ಣಕ್ಕೆ ತಿರುಗಿರುತ್ತದೆ. ರೈಲು, ಬಸ್ಸಿನಿಂದಲೇ ಎಲ್ಲ ಕಡೆ ಹೋಗಬಹುದು. ಬೆಂಕಿಯ ಶಾಖಕ್ಕೆ ಕರಗಿಸಿ ಕೆರೆದು ಬಡಿಸುವ ರಾಕ್ಲೆಟ್ ಚೀಸು, ರೈ ಧಾನ್ಯದ ಕಪ್ಪು ರೊಟ್ಟಿ ಅಲ್ಲಿಯ ಊಟ. ಹಿಂದೆ ಆ ರೊಟ್ಟಿಯನ್ನು ಊರಿನ ಒಂದೇ ಒಲೆಯಲ್ಲಿ ಸರದಿಯಂತೆ ವರ್ಷಕ್ಕೆ ಕೆಲವೇ ಸಲ ಸುಟ್ಟು ತಿಂಗಳುಗಟ್ಟಲೆ ಇಡುತ್ತಿದ್ದರು. ತೋಟದ ದಾರಿಯಲ್ಲಿ ನಡೆಯುವಾಗ ಗೋಡೆ ಹತ್ತಬಾರದು, ಕಲ್ಲು ಕೀಳಬಾರದು, ಹಣ್ಣು ಕೊಯ್ಯಬಾರದು. ಎಲ್ಲಾದರೂ ಹೊಸದಾಗಿ ಕಟ್ಟಿದ ಬಿಳಿ ಕಲ್ಲಿನ ತೇಪೆ ಹಳೆಯ ಕಪ್ಪು ಗೋಡೆಯ ನಡುವೆ ಕಂಡರೆ ಅಲ್ಲಿ ಒಂದು ನಿಮಿಷ ನಿಂತು ನೋಡಬೇಕು. ಈ ಚಳಿಗಾಲದಲ್ಲಿ ಬಿದ್ದದ್ದನ್ನು ಯಾರೋ ಮತ್ತೆ ಎತ್ತಿ ಕಟ್ಟಿದ್ದಾರೆ ಎಂದು ಅದರಿಂದ ತಿಳಿಯುತ್ತದೆ.